ಶುಂಠಿ ಬಾಡಿಸುವ ಬ್ಯಾಕ್ಟೀರಿಯಾಗೆ ಸೂಜಿ ಎಲ್ಲಿಂದ ಬಂತು?

ಪ್ರಶ್ನೆ: ಶನಿವಾರಸಂತೆ ಹತ್ತಿರ ನಮ್ಮದು ಒಂದು ಎಕರೆ ಶುಂಠಿ. ಹಸಿರಾಗಿದ್ದ ಗಿಡ ನೋಡನೋಡುತ್ತಾ ಬಾಡಿತು. ಇದು ಬ್ಯಾಕ್ಟೀರಿಯಾ ಕೆಲಸ, ಅದು ಗಿಡದ ಜೀವಕೋಶಕ್ಕೆ ಪ್ರೋಟೀನ್ ಚುಚ್ಚುತ್ತದೆ ಅಂತ ಯಾರೋ ಹೇಳಿದರು. ಕಣ್ಣಿಗೇ ಕಾಣದ್ದಕ್ಕೆ ಸೂಜಿ ಎಲ್ಲಿಂದ ಬಂತು?

ಉತ್ತರ: ಮೊದಲು ರೋಗ ಅದೇನಾ ನೋಡಿ. ಬಾಡಿದ ದಂಟನ್ನು ಬುಡದಲ್ಲಿ ಕೊಯ್ದು, ಕೊಯ್ದ ತುದಿಯನ್ನು ಗಾಜಿನ ಲೋಟದ ತಿಳಿನೀರಿನಲ್ಲಿ ಅದ್ದಿ ಹಿಡಿಯಿರಿ. ಕೆಲವು ನಿಮಿಷದಲ್ಲಿ ಹಾಲಿನಂಥ ಎಳೆ ಕೆಳಗಿಳಿದರೆ ಅದು ರಾಲ್‌ಸ್ಟೋನಿಯಾ, ಅಂದರೆ ಗಿಡ ಬಾಡಿಸುವ ಆ ಬ್ಯಾಕ್ಟೀರಿಯಾ. ಇಳಿಯದಿದ್ದರೆ ಕೊಳೆರೋಗ ಇದ್ದೀತು, ಅದರ ಕಥೆ ಬೇರೆ.

ಇನ್ನು ಸೂಜಿ. ಅದು ನಿಜವಾಗಿಯೂ ಇದೆ. ಬ್ಯಾಕ್ಟೀರಿಯಾ ಅದನ್ನು ಪ್ರೋಟೀನಿನಿಂದಲೇ ಕಟ್ಟಿಕೊಳ್ಳುತ್ತದೆ. ಮನುಷ್ಯರಿಗೆ ರೋಗ ತರುವ ಸಾಲ್ಮೊನೆಲ್ಲಾ ಅನ್ನುವ ಬ್ಯಾಕ್ಟೀರಿಯಾದಲ್ಲಿ ಇಂಥ ಸೂಜಿ ಇಲೆಕ್ಟ್ರಾನ್ ಮೈಕ್ರೋಸ್ಕೋಪಿಗೆ ಕಂಡಿದ್ದು 1998ರಲ್ಲಿ. ಗಿಡದ ಕೋಶಕ್ಕೆ ದಪ್ಪ ಗೋಡೆ ಇದೆಯಲ್ಲ, ಹಾಗಾಗಿ ರಾಲ್‌ಸ್ಟೋನಿಯಾದಂಥವು ಗಿಡ್ಡ ಸೂಜಿಯ ಬದಲು ಉದ್ದನೆಯ ಟೊಳ್ಳು ಎಳೆ ಬೆಳೆಸುತ್ತವೆ. ಬ್ಯಾಕ್ಟೀರಿಯಾ ಕೋಶದೊಳಗೆ ಹೋಗುವುದೇ ಇಲ್ಲ. ಹೊರಗೆ ಕೂತು ಸಾಮಾನು ಮಾತ್ರ ಒಳಗೆ ಕಳಿಸುತ್ತದೆ.

ಆ ಟೊಳ್ಳು ಎರಡು ಮೂರು ನ್ಯಾನೋಮೀಟರ್ ಅಗಲ ಅಷ್ಟೇ. ಮಡಚಿಕೊಂಡ ಪ್ರೋಟೀನ್ ಅದರಲ್ಲಿ ತೂರುವುದಿಲ್ಲ. ನೂಪುಟ್ಟು (ಒತ್ತು ಶಾವಿಗೆ) ಒತ್ತುವುದನ್ನು ನೆನೆಸಿಕೊಳ್ಳಿ. ಉಂಡೆ ಹಿಟ್ಟು ಸಣ್ಣ ತೂತಿನಿಂದ ಎಳೆಯಾಗಿ ಇಳಿಯುತ್ತದೆ, ಅಲ್ವಾ? ಇಲ್ಲೂ ಬುಡದಲ್ಲಿರುವ ಯಂತ್ರ ಪ್ರೋಟೀನಿನ ಮಡಿಕೆ ಬಿಚ್ಚಿ, ಎಳೆ ಮಾಡಿ ನೂಕುತ್ತದೆ. ನೂಪುಟ್ಟು ಮತ್ತೆ ಉಂಡೆಯಾಗುವುದಿಲ್ಲ. ಪ್ರೋಟೀನ್ ಮಾತ್ರ ಆಚೆ ತಲುಪಿದ ಮೇಲೆ ಮತ್ತೆ ಮಡಚಿಕೊಂಡು ಕೆಲಸಕ್ಕಿಳಿಯುತ್ತದೆ.

ಏನು ಕೆಲಸ? ಮಳೆಗಾಲದಲ್ಲಿ ತೋಟಕ್ಕೆ ಹೋದರೆ ಜಿಗಣೆ ಹತ್ತಿದ್ದು ಎಷ್ಟೋ ಸಲ ಗೊತ್ತೇ ಆಗುವುದಿಲ್ಲ, ರಕ್ತ ಕಂಡಾಗಲೇ ಗೊತ್ತು. ಇದೂ ಹಾಗೇ. ಗಿಡಕ್ಕೂ ರೋಗ ಗುರುತಿಸಿ ಎಚ್ಚರಿಸುವ ವ್ಯವಸ್ಥೆ ಇದೆ. ಚುಚ್ಚಿದ ಪ್ರೋಟೀನುಗಳಲ್ಲಿ ಹಲವು ಅದನ್ನೇ ಸುಮ್ಮನಾಗಿಸುತ್ತವೆ. ಟೊಮೆಟೊ ಗಿಡದಿಂದ ತೆಗೆದ ರಾಲ್‌ಸ್ಟೋನಿಯಾದ ಒಂದು ತಳಿಯ ಜೀನೋಮ್, ಅಂದರೆ ಅದರ ಪೂರ್ತಿ ಜೀನ್ ಬರಹ, 2002ರಲ್ಲಿ ಪ್ರಕಟವಾಯಿತು. ಅದರಲ್ಲಿ ಇಂಥ ಪ್ರೋಟೀನ್ ಸುಮಾರು 70 ಇವೆ. ನನಗಂತೂ ಇದು ಸ್ವಲ್ಪ ಜಾಸ್ತಿಯೇ ಅನಿಸುತ್ತದೆ!

ಆದರೆ ಗಿಡ ಬಾಡುವುದಕ್ಕೆ ನೇರ ಕಾರಣ ಈ ಚುಚ್ಚುಮದ್ದಲ್ಲ. ಎಚ್ಚರಿಕೆ ಅಡಗಿದ ಮೇಲೆ ಬ್ಯಾಕ್ಟೀರಿಯಾ ನೀರಿನ ನಾಳದಲ್ಲಿ ಹೆಚ್ಚಿ, ಲೋಳೆ ಸುರಿಸಿ ನಾಳ ಕಟ್ಟಿಬಿಡುತ್ತದೆ. ಗದ್ದೆಯಲ್ಲಿ ನೀರು ನಿಂತಿದ್ದರೂ ಗಿಡಕ್ಕೆ ಬಾಯಾರಿಕೆ. ಲೋಟದಲ್ಲಿ ಕಾಣುವ ಹಾಲಿನೆಳೆ ಅದೇ ಲೋಳೆ ಮತ್ತು ಬ್ಯಾಕ್ಟೀರಿಯಾ. ಆದರೂ ಸೂಜಿಯ ಜೀನ್ ಕೆಡಿಸಿದರೆ ಅದಕ್ಕೆ ಗಿಡ ಬಾಡಿಸುವ ಶಕ್ತಿಯೇ ಹೋಗುತ್ತದೆ.

ಕೆಲವು ಗಿಡಗಳು ತಿರುಗೇಟು ಕೊಡುವುದೂ ಉಂಟು. ರಾಲ್‌ಸ್ಟೋನಿಯಾ ಚುಚ್ಚುವ ಪಾಪ್‌ಪಿ2 ಅನ್ನುವ ಪ್ರೋಟೀನ್, ಗಿಡದ ರಕ್ಷಣೆಯ ಜೀನುಗಳನ್ನು ನಡೆಸುವ ಪ್ರೋಟೀನುಗಳನ್ನು ಕೆಡಿಸುತ್ತದೆ. ಸಾಸಿವೆ ಕುಟುಂಬದ ಅರಬಿಡಾಪ್ಸಿಸ್‌ನ ಕೆಲವು ತಳಿಗಳು ಹೀಗೆ ಕೆಡುವ ಪ್ರೋಟೀನಿನಂಥದ್ದೇ ಒಂದು ತುಣುಕನ್ನು ತಮ್ಮ ಕಾವಲು ಪ್ರೋಟೀನಿಗೆ ಅಂಟಿಸಿಕೊಂಡಿವೆ. ಪಾಪ್‌ಪಿ2 ಅದಕ್ಕೆ ಕೈ ಹಾಕಿದರೆ ಸಿಕ್ಕಿಬಿದ್ದಂತೆ.

ಶುಂಠಿಗೆ ಇಂಥದ್ದನ್ನು ತಳಿ ಬೆರಕೆಯಿಂದ ತರುವುದು ಕಷ್ಟ. ಅದು ಬೀಜ ಕಟ್ಟುವುದೇ ಅಪರೂಪ, ಬೆಳೆಸುವುದೆಲ್ಲ ಗೆಡ್ಡೆಯಿಂದ. ರೋಗ ಊರೂರು ಸುತ್ತುವುದೂ ಆ ಗೆಡ್ಡೆಯಲ್ಲೇ. ಮುಂದಿನ ಸಲ ಬಿತ್ತನೆ ಶುಂಠಿ ಕೊಳ್ಳುವ ಮೊದಲು, ಗಿಡ ಇನ್ನೂ ಹಸಿರಿದ್ದಾಗಲೇ ಆ ಗದ್ದೆ ನೋಡಿಬನ್ನಿ. ಲೋಟವನ್ನೂ ಒಯ್ಯಿರಿ.