ಸೇರು ಬೇರೆ, ಅಕ್ಕಿ ಬೇರೆ

ಲಂಡನ್ನಿನಲ್ಲಿ ಸಣ್ಣ ವ್ಯಾಪಾರಿಗಳ ಲೆಕ್ಕಪತ್ರ ನೋಡಿಕೊಳ್ಳೋದು ನನ್ನ ಕೆಲಸ. ಅರಮನೆಯಲ್ಲಿ ಏನೇ ಶುಭಕಾರ್ಯ ಆಗಲಿ, ನನ್ನ ಮೇಜಿನ ಮುಂದೆ ಎರಡು ಪಕ್ಷ ಹುಟ್ಟಿಕೊಳ್ಳುತ್ತವೆ. ‘ನಮ್ಮ ತೆರಿಗೆ ದುಡ್ಡಲ್ಲಿ ಇವರ ಮದುವೆ’ ಅನ್ನೋದು ಒಂದು. ‘ರಾಜಮನೆತನವೇ ನಮ್ಮನ್ನ ಸಾಕ್ತಿದೆ’ ಅನ್ನೋದು ಇನ್ನೊಂದು. ಮೊದಲನೆಯದು ಅರ್ಧ ಸರಿ. ಎರಡನೆಯದನ್ನು ಕೇಳಿದರೆ ನನಗೆ ತಲೆ ಕೆಡುತ್ತದೆ.

2010ರ ನವೆಂಬರ್ 16, ಮಂಗಳವಾರ. ರಾಜಕುಮಾರ ವಿಲಿಯಂ–ಕೇಟ್ ನಿಶ್ಚಿತಾರ್ಥದ ಸುದ್ದಿ ಬಂತು. ಸಂಪುಟ ಸಭೆಯಲ್ಲಿ ಮಂತ್ರಿಗಳು ಮೇಜು ಕುಟ್ಟಿ ಖುಷಿಪಟ್ಟರು ಅಂತ ಪ್ರಧಾನಿ ಕ್ಯಾಮರಾನ್ ಹೇಳಿದರು. ಟಿವಿ ತುಂಬಾ ವಿಲಿಯಂ ತಾಯಿ ಡಯಾನಾ ಹಾಕಿಕೊಳ್ಳುತ್ತಿದ್ದ ಆ ನೀಲದ ಉಂಗುರ. ನನ್ನ ಆಫೀಸಿನಲ್ಲಿ ಮಾತ್ರ ಬರೀ ವ್ಯಾಟ್, ಅಂದರೆ ಮಾರಾಟದ ಮೇಲಿನ ತೆರಿಗೆಯ ಚಿಂತೆ. ಶೇ. 17.5 ಇದ್ದದ್ದು ಜನವರಿ 4ಕ್ಕೆ 20 ಆಗೋದಿತ್ತು. ಹಾಸನದ ಕಡೆಯ ಒಬ್ಬ ಅಂಗಡಿಯವರು ಬಂದು ಕೂತರು. ‘ಏನ್ ಸಾರ್ ಇದು, ನಮಗೆ ವ್ಯಾಟ್, ಅವರಿಗೆ ವಾಲಗ’ ಅಂದರು. ಸಮಾರಂಭದ ಖರ್ಚು ಎರಡೂ ಮನೆಯವರದ್ದೇ, ಬಂದೋಬಸ್ತು ಮಾತ್ರ ಸರ್ಕಾರದ್ದು ಅಂತ ಆಮೇಲೆ ಪ್ರಕಟವಾಯಿತು. ಅದನ್ನು ಹೇಳಿದರೂ ಅವರ ಮುಖ ಸಡಿಲವಾಗಲಿಲ್ಲ. ತಪ್ಪೂ ಅನ್ನೋಕಾಗಲ್ಲ.

ಎರಡನೇ ಪಕ್ಷದ ನಾಯಕಿ ನನ್ನ ಹೆಂಡತಿಯ ಚಿಕ್ಕಮ್ಮ. ಮೈಸೂರಿನವರು, ದಸರೆ ನೋಡಿಕೊಂಡೇ ಬೆಳೆದವರು. ಮೊನ್ನೆ ವಾಟ್ಸಾಪ್ ತೋರಿಸಿದರು: ‘ರಾಜ ನೂರು ಪೌಂಡ್ ದುಡಿದು ಕೊಡ್ತಾನೆ, ಹನ್ನೆರಡು ಇಟ್ಕೊಳ್ತಾನೆ. ಎಂಬತ್ತೆಂಟು ನಮಗೇ ಉಳಿಯಿತಲ್ಲಪ್ಪಾ!’

ಇಲ್ಲ ಚಿಕ್ಕಮ್ಮ.

ಆ ನೂರು ಬರೋದು ಕ್ರೌನ್ ಎಸ್ಟೇಟಿನಿಂದ. ರೀಜೆಂಟ್ ಸ್ಟ್ರೀಟಿನ ಕಟ್ಟಡಗಳು, ಹೊಲಗದ್ದೆ, ಸಮುದ್ರದ ತಳ ಎಲ್ಲ ಸೇರಿದ ಆಸ್ತಿ ಅದು. ಹೆಸರಲ್ಲಿ ಕಿರೀಟ ಇದೆ, ಆದರೆ ರಾಜ ಅದನ್ನು ಮಾರೋ ಹಾಗಿಲ್ಲ. ಸ್ಕಾಟ್ಲೆಂಡಿನ ಬಾಲ್ಮೋರಲ್ ಅರಮನೆ ಅವರ ಸ್ವಂತದ್ದು, ಇದು ಅಲ್ಲ. 1760ರಲ್ಲಿ ಆಗಿನ ರಾಜ ಮೂರನೇ ಜಾರ್ಜ್ ಇದರ ವರಮಾನ ಬಿಟ್ಟುಕೊಟ್ಟ, ನಿಜ. ಆದರೆ ಸುಮ್ನೆ ಬಿಟ್ಟುಕೊಟ್ಟಿದ್ದಲ್ಲ. ಆಡಳಿತದ ಖರ್ಚು ಅವನ ತಲೆಯಿಂದ ಇಳಿಯಿತು, ವರ್ಷಕ್ಕಿಷ್ಟು ಅಂತ ಹಣ ನಿಗದಿಯಾಯಿತು.

ಇವತ್ತು ಆ ಲಾಭ ಪೂರ್ತಿ ಖಜಾನೆಗೆ ಹೋಗುತ್ತದೆ. ಹನ್ನೆರಡು ಹಿಡಿದುಕೊಂಡು ಎಂಬತ್ತೆಂಟಲ್ಲ, ನೂರಕ್ಕೆ ನೂರು. ಆಮೇಲೆ ಖಜಾನೆಯಿಂದ ಅರಮನೆಗೆ ಸಾವರಿನ್ ಗ್ರಾಂಟ್ ಅಂತ ಅನುದಾನ ಬರುತ್ತದೆ. ಎಷ್ಟು ಕೊಡಬೇಕು ಅಂತ ಗೊತ್ತುಮಾಡೋಕೆ ಎರಡು ವರ್ಷದ ಹಿಂದಿನ ಕ್ರೌನ್ ಎಸ್ಟೇಟ್ ಲಾಭವನ್ನು ನೋಡುತ್ತಾರೆ, ಅಷ್ಟೇ. ‘ಪಕ್ಕದಂಗಡಿಯ ಲಾಭದಲ್ಲಿ ಹನ್ನೆರಡು ಪರ್ಸೆಂಟ್ ಎಷ್ಟಾಗುತ್ತೋ ಅಷ್ಟು ನಿನ್ನ ಸಂಬಳ’ ಅಂತ ನಿಮ್ಮ ಯಜಮಾನ ಹೇಳಿದರೆ, ಸಂಬಳ ಕೊಡೋದು ಪಕ್ಕದಂಗಡಿಯವನಾ? ಸೇರಿನಲ್ಲಿ ಅಕ್ಕಿ ಅಳೀತೀವಿ. ಅಕ್ಕಿ ಸೇರಿನಲ್ಲಿ ಬೆಳೆಯಲ್ಲ.

ಇದನ್ನು ಇಷ್ಟು ಎಳೆಯೋದಕ್ಕೆ ಕಾರಣ ಇದೆ. ಬಕಿಂಗ್‌ಹ್ಯಾಮ್ ಅರಮನೆಯ 36.9 ಕೋಟಿ ಪೌಂಡಿನ ರಿಪೇರಿಗೆ ಅಂತ 15 ಇದ್ದ ಆ ಪರ್ಸೆಂಟನ್ನು 2017ರಲ್ಲಿ 25ಕ್ಕೆ ಏರಿಸಿದರು. ಆಮೇಲೆ 12ಕ್ಕೆ ಇಳಿಸಿದರು. ‘ನೋಡಿ, ಅರ್ಧಕ್ಕರ್ಧ ಕಡಿತ’ ಅಂತ ಜನ ಕುಣಿದರು. ಅಷ್ಟರಲ್ಲಿ ಸಮುದ್ರದಲ್ಲಿ ಗಾಳಿಯಂತ್ರ ನೆಡೋ ಕಂಪನಿಗಳು ತಳದ ಜಾಗಕ್ಕಾಗಿ ಹಣ ಸುರಿದು, ಎಸ್ಟೇಟಿನ ಲಾಭ 110 ಕೋಟಿ ಪೌಂಡ್ ಮುಟ್ಟಿತ್ತು. 8.63 ಕೋಟಿ ಇದ್ದ ಅನುದಾನ 2025–26ಕ್ಕೆ 13.21 ಕೋಟಿ ಆಯಿತು. ಪರ್ಸೆಂಟ್ ಇಳಿಯಿತು, ದುಡ್ಡು ಏರಿತು. ಲಾಭ ಬಿದ್ದರೂ ಅನುದಾನ ಹಿಂದಿನ ವರ್ಷಕ್ಕಿಂತ ಕಡಿಮೆ ಆಗಬಾರದು ಅಂತ ಕಾನೂನೇ ಇದೆ. ನನ್ನ ಕ್ಲೈಂಟುಗಳಿಗೆ ಇಂಥ ಒಪ್ಪಂದ ಯಾರಾದರೂ ಕೊಟ್ಟಾರಾ? ಪೊಲೀಸ್ ಭದ್ರತೆಯ ಖರ್ಚಂತೂ ಈ ಲೆಕ್ಕದಲ್ಲೇ ಇಲ್ಲ.

ನಮ್ಮ ಮೈಸೂರು ಮಹಾರಾಜರಿಗೆ ಸರ್ಕಾರ ಕೊಡುತ್ತಿದ್ದ ರಾಜಧನ ಎಷ್ಟೋ ಸರಳವಾಗಿತ್ತು. ವರ್ಷಕ್ಕೆ 26 ಲಕ್ಷ ರೂಪಾಯಿ. ಯಾವ ಪರ್ಸೆಂಟೂ ಇಲ್ಲ. 1971ರಲ್ಲಿ ಅದೂ ನಿಂತಿತು. ಚಿಕ್ಕಮ್ಮನಿಗೆ ಆ ಬೇಜಾರು ಇನ್ನೂ ಇದೆ. ಇಲ್ಲಿನ ರಾಜನ ಪರ ಅವರು ವಾದ ಮಾಡೋದು ಅದಕ್ಕೇ ಇರಬೇಕು.

ರಾಜಪ್ರಭುತ್ವ ಬೇಕೋ ಬೇಡವೋ ಅನ್ನೋದು ನನ್ನ ಕೆಲಸ ಅಲ್ಲ. ನಾಳೆ ಅದು ಹೋದರೆ ಎಸ್ಟೇಟ್ ಯಾರಿಗೆ ಅಂತಲೂ ನನ್ನನ್ನು ಕೇಳಬೇಡಿ, ವಕೀಲರನ್ನು ಕೇಳಿ.

ಹಾಸನದವರು ಮತ್ತೆ ಬಂದದ್ದು 2011ರ ಏಪ್ರಿಲ್‌ನಲ್ಲಿ. ಮದುವೆ 29ಕ್ಕೆ, ಶುಕ್ರವಾರ. ಅವತ್ತು ಸಾರ್ವಜನಿಕ ರಜೆ, ಇಲ್ಲಿನ ಮಾತಲ್ಲಿ ಬ್ಯಾಂಕ್ ರಜೆ. ಆ ಕಡೆ ಈಸ್ಟರ್, ಈ ಕಡೆ ಮೇ ರಜೆ. ನಡುವೆ ಮೂರು ದಿನ ರಜೆ ಹಾಕಿದರೆ ಹನ್ನೊಂದು ದಿನ ಆರಾಮ. ‘ಹುಡುಗರು ಕೇಳ್ತಿದಾರೆ ಸಾರ್. ಶುಕ್ರವಾರದ ರಜೆ ಕೊಡಲೇಬೇಕಾ?’ ನೇಮಕದ ಕಾಗದ ತರಿಸಿ ನೋಡಿದೆ. ‘ವರ್ಷಕ್ಕೆ 28 ದಿನ, ಬ್ಯಾಂಕ್ ರಜೆಗಳೂ ಸೇರಿ’ ಅಂತಿತ್ತು. ಹಾಗಿದ್ದರೆ ಹೆಚ್ಚಿನ ದಿನ ಕೊಡಬೇಕಾಗಿಲ್ಲ ಅಂದೆ. ಕಾಗದ ಮಡಿಸಿ ಜೇಬಿಗಿಟ್ಟುಕೊಂಡು ಹೋದರು.

ಆ ಶುಕ್ರವಾರ ಹಾಲು ತರೋಕೆ ಅವರ ಅಂಗಡಿಗೆ ಹೋದೆ. ಶಟರ್ ಎಳೆದಿತ್ತು. ಮೇಲೆ ಬಾವುಟಗಳ ತೋರಣ. ಮಹಡಿಯ ಕಿಟಕಿಯಿಂದ ಟಿವಿಯಲ್ಲಿನ ಚರ್ಚಿನ ಗಂಟೆ ಬೀದಿಗೆಲ್ಲ ಕೇಳುತ್ತಿತ್ತು.