ಹರಕೆಯೂ ಇರಲಿ, ಮಾತ್ರೆಯೂ ಇರಲಿ

ಮನೆಯಲ್ಲಿ ಒಬ್ಬರು ನಿದ್ದೆ ಬಿಟ್ಟು, ತಮ್ಮಷ್ಟಕ್ಕೆ ಮಾತಾಡಿಕೊಳ್ಳಲು ಶುರು ಮಾಡಿದರೆ ನಮ್ಮಲ್ಲಿ ಮೊದಲು ನೆನಪಾಗುವುದು ದೇವರು. ಡಾಕ್ಟರು ಆಮೇಲೆ. ಇದನ್ನು ಬರೀ ಅಜ್ಞಾನ ಅಂತ ಬದಿಗೆ ತಳ್ಳುವವರು ಜಾಸ್ತಿ. ಆದರೆ ಜನ ಯಾಕೆ ಹೋಗುತ್ತಾರೆ, ಅಲ್ಲಿ ಅವರಿಗೆ ಏನು ಸಿಗುತ್ತದೆ ಎಂದು ಕೂತು ನೋಡಿದ ವೈದ್ಯರೂ ಇದ್ದಾರೆ.

ಅವರಲ್ಲಿ ಒಬ್ಬರು ಡಾ. ಆರ್.ಎಲ್. ಕಪೂರ್. ಈಗ ಉಡುಪಿ ಜಿಲ್ಲೆಗೆ ಸೇರಿದ ಕೋಟದಲ್ಲಿ ಅವರು ಮತ್ತು ಬ್ರಿಟಿಷ್ ಮನೋವೈದ್ಯ ಕಾರ್‌ಸ್ಟೇರ್ಸ್ ಮಾಡಿದ ಅಧ್ಯಯನ 1976ರಲ್ಲಿ ಪುಸ್ತಕವಾಗಿ ಬಂತು. ಊರಲ್ಲಿ ಮದ್ದು ಕೊಡುವ ವೈದ್ಯರಿದ್ದರು, ಮಂತ್ರವಾದಿಗಳಿದ್ದರು, ಮೈಮೇಲೆ ದರ್ಶನ ಬರುವ ಪಾತ್ರಿಗಳಿದ್ದರು, ಇಂಗ್ಲಿಷ್ ಔಷಧದ ಡಾಕ್ಟರರೂ ಇದ್ದರು. ಜನ ಇವರಲ್ಲಿ ಒಬ್ಬರನ್ನೇ ಹಿಡಿದು ಕೂರಲಿಲ್ಲ. ಪಾತ್ರಿಯ ಮಾತು ಕೇಳಿ, ಹರಕೆ ಹೊತ್ತು, ಡಾಕ್ಟರ ಹತ್ತಿರವೂ ಹೋಗುತ್ತಿದ್ದರು. ಎರಡಕ್ಕೂ ಜಗಳ ಇದೆ ಎಂದು ಅವರಿಗೆ ಅನಿಸಿರಲೇ ಇಲ್ಲ.

ಮುಂದಿನ ದೊಡ್ಡ ಪ್ರಶ್ನೆ: ದೇವಸ್ಥಾನದಲ್ಲಿ ಇದ್ದರೆ ನಿಜಕ್ಕೂ ಕಡಿಮೆಯಾಗುತ್ತದಾ? ಬೆಂಗಳೂರಿನ ನಿಮ್ಹಾನ್ಸ್‌ನ ಡಾ. ರಘುರಾಮ್ ಮತ್ತು ಜೊತೆಗಾರರು 2000ದಲ್ಲಿ ತಮಿಳುನಾಡಿನ ಮುತ್ತುಸ್ವಾಮಿ ದೇವಸ್ಥಾನಕ್ಕೆ ಹೋದರು. ಮೂರು ತಿಂಗಳಲ್ಲಿ ಅಲ್ಲಿಗೆ ಬಂದು ಉಳಿದ 31 ಜನರನ್ನು ಪರೀಕ್ಷಿಸಿದರು. ಹೆಚ್ಚಿನವರಿಗೆ ಇದ್ದದ್ದು ಸ್ಕಿಜೋಫ್ರೇನಿಯಾ, ಅಂದರೆ ಸಣ್ಣ ಕಾಯಿಲೆಯಲ್ಲ. ಅಲ್ಲಿ ಭೂತ ಬಿಡಿಸುವ ಆರ್ಭಟ ಏನೂ ಇರಲಿಲ್ಲ. ಬೆಳಿಗ್ಗೆ ಹದಿನೈದು ನಿಮಿಷದ ಪೂಜೆ. ಆಮೇಲೆ ಕಸ ಗುಡಿಸುವುದು, ಗಿಡಗಳಿಗೆ ನೀರು ಹಾಕುವುದು, ಹೀಗೆ ಕೈಲಾದ ಕೆಲಸ. ಮನೆಯವರೊಬ್ಬರು ಜೊತೆಗೇ ಇರಬೇಕು. ದುಡ್ಡು ಕೇಳುತ್ತಿರಲಿಲ್ಲ. ಸರಾಸರಿ ಆರು ವಾರ ಇದ್ದು ಹೊರಡುವಾಗ ಅವರ ಕಾಯಿಲೆಯ ತೀವ್ರತೆ ಸುಮಾರು ಶೇ. 20ರಷ್ಟು ಇಳಿದಿತ್ತು. ಮಾತ್ರೆ ಕೊಟ್ಟಿರಲಿಲ್ಲ.

ಹಾಗಂತ ಕುಣಿದಾಡುವ ಹಾಗಿಲ್ಲ. ಜನ ಕಡಿಮೆ. ದೇವಸ್ಥಾನಕ್ಕೆ ಹೋಗದವರ ಜೊತೆ ಹೋಲಿಸಿ ನೋಡಿಲ್ಲ. ನನಗೆ ಅನಿಸುವುದು ಇಷ್ಟು: ಅಲ್ಲಿ ಕೆಲಸ ಮಾಡಿದ್ದು ದೇವರೋ ಏನೋ, ಆದರೆ ಹುಚ್ಚ ಎಂದು ಯಾರೂ ಕರೆಯದ ಜಾಗ, ಹಗಲಿಗೊಂದು ಕೆಲಸ, ಪಕ್ಕದಲ್ಲಿ ತನ್ನವರು ಇದ್ದದ್ದಂತೂ ಹೌದು. ಎಷ್ಟು ಆಸ್ಪತ್ರೆಗಳಲ್ಲಿ ಇವು ಸಿಗುತ್ತವೆ ಹೇಳಿ?

ಅದೇ ತಮಿಳುನಾಡಿನಲ್ಲಿ ಮಾರನೇ ವರ್ಷ, 2001ರ ಆಗಸ್ಟ್ 6ರ ಬೆಳಗಿನ ಜಾವ, ಏರ್ವಾಡಿಯಲ್ಲಿ ಬೆಂಕಿ ಬಿತ್ತು. ಅಲ್ಲಿನ ದರ್ಗಾಕ್ಕೆ ಮಾನಸಿಕ ಕಾಯಿಲೆಯವರನ್ನು ಕರೆತರುವುದು ಹಳೇ ರೂಢಿ. ಕನಸಲ್ಲಿ ಅಪ್ಪಣೆ ಸಿಕ್ಕ ಮೇಲೆ ಮನೆಗೆ ಹೋಗಬೇಕು ಎಂಬ ನಂಬಿಕೆ. ಅಪ್ಪಣೆ ತಡವಾದಷ್ಟೂ ಬಾಡಿಗೆ ಬೆಳೆಯುತ್ತದಲ್ವಾ? ಹಾಗಾಗಿ ದರ್ಗಾದ ಸುತ್ತ ರೋಗಿಗಳನ್ನು ದುಡ್ಡಿಗೆ ಇರಿಸಿಕೊಳ್ಳುವ ಖಾಸಗಿ ‘ಹೋಮ್‌’ಗಳು ಎದ್ದಿದ್ದವು. ಅಂಥದ್ದೊಂದರ ಗರಿಯ ಚಪ್ಪರದಡಿ ಸರಪಳಿಯಲ್ಲಿ ಕಟ್ಟಿಹಾಕಿದ್ದ 28 ಜನ ಸತ್ತರು. ಬಿಡಿಸಿಕೊಂಡು ಓಡಲು ಆಗಲಿಲ್ಲ. ಮುತ್ತುಸ್ವಾಮಿ ಗುಡಿಗೂ ಈ ಚಪ್ಪರಕ್ಕೂ ಇದ್ದ ವ್ಯತ್ಯಾಸ ಧರ್ಮದ್ದಲ್ಲ. ಒಂದು ಕಡೆ ಮನೆಯವರು ಜೊತೆಗಿದ್ದರು, ಇನ್ನೊಂದು ಕಡೆ ಬಿಟ್ಟು ಹೋಗಿದ್ದರು.

ಸುಪ್ರೀಂ ಕೋರ್ಟ್ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು. ಏರ್ವಾಡಿಯ ಹೋಮ್‌ಗಳು ಮುಚ್ಚಿದವು. 2017ರ ಮಾನಸಿಕ ಆರೋಗ್ಯ ಕಾಯ್ದೆ ಸರಪಳಿ ಹಾಕುವುದನ್ನು ಪೂರ್ತಿ ನಿಷೇಧಿಸಿತು. ದೆವ್ವ ಬಿಡಿಸುತ್ತೇವೆಂದು ಹೊಡೆಯುವುದು ಕರ್ನಾಟಕದಲ್ಲಿ ಈಗ ಬೇರೆ ಕಾಯ್ದೆಯಡಿ ಅಪರಾಧ.

ಜನರ ಕಾಲನ್ನು ಕಾನೂನು ಕಟ್ಟಿಹಾಕಲಾರದು. ಇದನ್ನು ಸರಿಯಾಗಿ ಅರ್ಥ ಮಾಡಿಕೊಂಡದ್ದು ಗುಜರಾತಿನ ಉನಾವ. ಅಲ್ಲಿನ ಮೀರಾ ದಾತಾರ್ ದರ್ಗಾದಲ್ಲಿ 2008ರಲ್ಲಿ ‘ದವಾ–ದುವಾ’ (ಔಷಧ–ಪ್ರಾರ್ಥನೆ) ಎಂಬ ಕೆಲಸ ಶುರುವಾಯಿತು. ದರ್ಗಾ ನೋಡಿಕೊಳ್ಳುವ ಮುಜಾವರರಿಗೆ ಕಾಯಿಲೆಯ ಲಕ್ಷಣ ಗುರುತಿಸುವುದನ್ನು ಹೇಳಿಕೊಟ್ಟರು. ಅವರು ಪ್ರಾರ್ಥನೆ ಮಾಡಿ, ಅಲ್ಲೇ ಕೂರುವ ಮನೋವೈದ್ಯರ ಹತ್ತಿರ ಕಳಿಸುತ್ತಾರೆ. ಮುಜಾವರರೇ ಹೇಳಿದ ಮೇಲೆ ಮಾತ್ರೆ ನುಂಗಲು ಅಳುಕು ಕಡಿಮೆ. ಕೋಟದ ಜನ ತಾವಾಗಿಯೇ ಮಾಡಿಕೊಂಡಿದ್ದ ಏರ್ಪಾಡಿಗೆ ಇಲ್ಲಿ ಸರ್ಕಾರದ ಬೆಂಬಲ ಸಿಕ್ಕಿತು, ಅಷ್ಟೇ.

ನಮ್ಮಲ್ಲಿ ದೇವಲ ಗಾಣಗಾಪುರಕ್ಕೆ ಇಂದಿಗೂ ‘ಗಾಳಿ ಸೋಕಿದವರು’ ಎಂದು ಎಷ್ಟೋ ಜನರನ್ನು ಕರೆತರುತ್ತಾರೆ. ಭೀಮಾ–ಅಮರ್ಜಾ ಸಂಗಮದಲ್ಲಿ ಸ್ನಾನ ಮಾಡಿಸಿ, ದತ್ತನ ಆರತಿಗೆ ನಿಲ್ಲಿಸುತ್ತಾರೆ. ಬಳ್ಳಾರಿಯಲ್ಲಿ 1980ರ ದಶಕದಲ್ಲೇ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಮಾನಸಿಕ ಚಿಕಿತ್ಸೆ ತಲುಪಿಸಿ ದೇಶಕ್ಕೇ ಮಾದರಿ ಕೊಟ್ಟ ರಾಜ್ಯ ಇದು. ಗಾಣಗಾಪುರದ ಅರ್ಚಕರನ್ನೂ ಒಬ್ಬ ಮನೋವೈದ್ಯರನ್ನೂ ಒಟ್ಟಿಗೆ ಕೂರಿಸುವುದು ಇದಕ್ಕೆ ಕಷ್ಟದ ಕೆಲಸವೇನಲ್ಲ.