ಬೈಬಲ್ ಸುಮ್ಮನಾದ ಕಡೆ ಸಿನಿಮಾ ಮಾತಾಡಿದ್ದು

ಇಸ್ರಾಯೇಲ್ಯರನ್ನು ಗುಲಾಮಗಿರಿಯಿಂದ ಬಿಡಿಸಿದ ಮೋಶೆಯನ್ನು ಅಟ್ಟಿಸಿಕೊಂಡು ಬಂದ ಫರೋಹನ, ಅಂದರೆ ಈಜಿಪ್ಟಿನ ರಾಜನ, ಹೆಸರೇನು? ಸಿನಿಮಾ ನೋಡಿದವರು ಥಟ್ಟನೆ 'ರಾಮ್ಸೆಸ್' ಅಂತಾರೆ. ಬೈಬಲ್ ತೆಗೆದು ನೋಡಿ, ಈ ಕಥೆ ಬರುವ ವಿಮೋಚನಕಾಂಡದಲ್ಲಿ ಆ ರಾಜನಿಗೆ ಹೆಸರೇ ಇಲ್ಲ. ರಾಮ್ಸೆಸ್ ಇರಬಹುದು ಅನ್ನುವುದು ಕೆಲವು ವಿದ್ವಾಂಸರ ಊಹೆ. 1956ರ 'ದಿ ಟೆನ್ ಕಮಾಂಡ್‌ಮೆಂಟ್ಸ್' ಆ ಊಹೆಗೆ ನಟ ಯೂಲ್ ಬ್ರಿನ್ನರ್‌ನ ಬೋಳುತಲೆ ಕೊಟ್ಟಿತು. ಆಮೇಲೆ ಅದು ಊಹೆಯಾಗಿ ಉಳಿಯಲಿಲ್ಲ.

ಬೈಬಲ್ ಕಥೆ ಹೇಳುವುದೇ ಹಾಗೆ, ತೀರಾ ಚುಟುಕು. ವಿಮೋಚನಕಾಂಡದ ಎರಡನೇ ಅಧ್ಯಾಯ, 10ನೇ ವಚನದಲ್ಲಿ ಮೋಶೆ ಇನ್ನೂ ಹುಡುಗ. 11ನೇ ವಚನಕ್ಕೆ ಬಂದರೆ ದೊಡ್ಡವನಾಗಿಬಿಟ್ಟಿದ್ದಾನೆ. ನಡುವೆ ಏನಾಯ್ತು? ಒಂದು ಮಾತೂ ಇಲ್ಲ. ನಿರ್ದೇಶಕ ಸೆಸಿಲ್ ಬಿ. ಡಿಮಿಲ್ ಆ ಖಾಲಿ ಜಾಗಕ್ಕೆ ಫಿಲೋ, ಜೋಸೆಫಸ್‌ರಂಥ ಹಳೆಯ ಬರಹಗಾರರನ್ನು ತಂದರು. ಸಾಲದ್ದಕ್ಕೆ ಅರಮನೆಯ ಒಂದು ತ್ರಿಕೋನ ಪ್ರೇಮವನ್ನೂ ಸೇರಿಸಿದರು!

ಸಮುದ್ರ ಸೀಳುವ ದೃಶ್ಯವಂತೂ ಮರೆಯೋ ಹಾಗಿಲ್ಲ. ಬೈಬಲ್‌ನಲ್ಲಿ ರಾತ್ರಿಯೆಲ್ಲಾ ಮೂಡಣ ಗಾಳಿ ಬೀಸಿ ನೀರು ಹಿಂದೆ ಸರಿಯುತ್ತದೆ. ರಾತ್ರಿಯಿಡೀ ಕಾಯಲು ಪ್ರೇಕ್ಷಕರಿಗೆ ಪುರುಸೊತ್ತು ಎಲ್ಲಿ? ದೊಡ್ಡ ತೊಟ್ಟಿಗೆ ನೀರು ಸುರಿದು, ಆ ರೀಲನ್ನು ಹಿಂದುಮುಂದಾಗಿ ಓಡಿಸಿದರು. ಗೋಡೆಯ ಹಾಗೆ ನೀರು ಎದ್ದು ನಿಂತಿತು. ಅದಕ್ಕೆ ಆಸ್ಕರ್ ಕೂಡ ಬಂತು.

ಆದರೆ ನನಗೆ ಅದಕ್ಕಿಂತ ಕುತೂಹಲ ಹುಟ್ಟಿಸುವುದು ಮೋಶೆಯ ಕೊನೆಯ ಮಾತು: ದೇಶದಲ್ಲೆಲ್ಲಾ ಬಿಡುಗಡೆಯನ್ನು ಸಾರಿರಿ. ಈ ಮಾತು ವಿಮೋಚನಕಾಂಡದ್ದಲ್ಲ, ಯಾಜಕಕಾಂಡ 25:10ರದ್ದು. ಅಮೆರಿಕದ ಸ್ವಾತಂತ್ರ್ಯದ ಗುರುತಾದ ಫಿಲಡೆಲ್ಫಿಯಾದ ಗಂಟೆ, ಲಿಬರ್ಟಿ ಬೆಲ್ ಮೇಲೆ ಕೆತ್ತಿರುವುದೂ ಅದನ್ನೇ. ಶೀತಲ ಸಮರದ ಕಾಲ ಅದು. ಸಿನಿಮಾ ಶುರುವಾಗುವ ಮೊದಲೇ ಡಿಮಿಲ್ ಪರದೆ ಮೇಲೆ ಬಂದು, ಮನುಷ್ಯರು ದೇವರ ನಿಯಮದಡಿ ಇರಬೇಕೋ ಸರ್ವಾಧಿಕಾರಿಯ ಇಷ್ಟದಂತೆ ಇರಬೇಕೋ ಎಂದು ಕೇಳುತ್ತಾರೆ. ಮೋಶೆ ಈಜಿಪ್ಟಿನಿಂದ ಹೊರಟು ಸೀದಾ ಅಮೆರಿಕಕ್ಕೆ ಬಂದ ಹಾಗಾಯ್ತು, ಅಲ್ವಾ?

ಈ ಚಾಳಿ ಮೂಕಿ ಕಾಲದಿಂದಲೇ ಇದೆ. ಯೇಸುವಿನ ಶಿಷ್ಯೆ ಮಗ್ದಲದ ಮರಿಯಳಿಂದ ಏಳು ದೆವ್ವಗಳು ಬಿಟ್ಟುಹೋಗಿದ್ದವು ಎಂದಷ್ಟೇ ಯೇಸುವಿನ ಜೀವನಕಥೆ (ಸುವಾರ್ತೆ) ಬರೆದ ಲೂಕ ಹೇಳುತ್ತಾನೆ. ಅವಳನ್ನು ಅದೇ ಸುವಾರ್ತೆಯಲ್ಲಿ ಬರುವ ಹೆಸರಿಲ್ಲದ ಪಾಪಿ ಹೆಂಗಸಿನ ಕಥೆಯ ಜೊತೆ ಬೆರೆಸಿದ್ದು 591ರಲ್ಲಿ ಪೋಪ್ ಗ್ರೆಗರಿ ಮಾಡಿದ ಪ್ರವಚನ. 1927ರ 'ದಿ ಕಿಂಗ್ ಆಫ್ ಕಿಂಗ್ಸ್' ಅವಳನ್ನು ಶ್ರೀಮಂತ ವೇಶ್ಯೆಯಾಗಿಸಿ, ಜೀಬ್ರಾ ಕಟ್ಟಿದ ರಥ ಹತ್ತಿಸಿತು. ಜೀಬ್ರಾ! ಅದೂ ಡಿಮಿಲ್‌ರದ್ದೇ ಸಿನಿಮಾ.

ನಮ್ಮ ಕಡೆಯ ಕೊಂಡಿಯೂ ಒಂದಿದೆ. ಮುಂಬೈಯ ಥಿಯೇಟರಿನಲ್ಲಿ ಕ್ರಿಸ್ತನ ಜೀವನದ ಮೂಕಿ ಚಿತ್ರ ನೋಡುತ್ತಾ ಕೂತಿದ್ದ ದಾದಾಸಾಹೇಬ್ ಫಾಲ್ಕೆಗೆ ಕಣ್ಮುಂದೆ ಬಂದವರು ರಾಮ, ಕೃಷ್ಣರು. 1913ರಲ್ಲಿ 'ರಾಜಾ ಹರಿಶ್ಚಂದ್ರ' ಬಂತು.

ಇನ್ನು 2004ರ 'ದಿ ಪ್ಯಾಶನ್ ಆಫ್ ದಿ ಕ್ರೈಸ್ಟ್'. ರೋಮನ್ ಅಧಿಪತಿ ಪಿಲಾತನು ಯೇಸುವನ್ನು ಕೊರಡೆಗಳಿಂದ ಹೊಡಿಸಿದ್ದಕ್ಕೆ ಇನ್ನೊಬ್ಬ ಸುವಾರ್ತೆಗಾರ ಮತ್ತಾಯ ಕೊಡುವುದು ಅರ್ಧ ವಚನ. ನಿರ್ದೇಶಕ ಮೆಲ್ ಗಿಬ್ಸನ್‌ರ ಕೈಯಲ್ಲಿ ಅದು ನೋಡಲಾಗದಷ್ಟು ಉದ್ದ ಎಳೆಯುತ್ತದೆ. ಆ ವಿವರಗಳಲ್ಲಿ ಎಷ್ಟೋ ಸುವಾರ್ತೆಗಳದ್ದಲ್ಲ. ಜರ್ಮನ್ ಸನ್ಯಾಸಿನಿ ಆನ್ ಕ್ಯಾಥರೀನ್ ಎಮ್ಮರಿಕ್ ಕಂಡ ದರ್ಶನಗಳು 1833ರಲ್ಲಿ ಪುಸ್ತಕವಾಗಿದ್ದವು, ಅಲ್ಲಿಂದ ಬಂದವು.

ಇಲ್ಲಿ ಉಲ್ಟಾ ಕೂಡ ಆಗಿದೆ. "ಇವನ ರಕ್ತ ನಮ್ಮ ಮೇಲೆಯೂ ನಮ್ಮ ಮಕ್ಕಳ ಮೇಲೆಯೂ ಇರಲಿ" ಎಂದು ಜನ ಕೂಗುವ ಮಾತು ಮತ್ತಾಯ 27:25ರಲ್ಲಿದೆ. ಯೆಹೂದ್ಯರ ಮೇಲೆ ಹಗೆ ಸಾಧಿಸಲು ಶತಮಾನಗಳ ಕಾಲ ಬಳಕೆಯಾದ ವಚನ ಅದು. ವಿರೋಧ ಬಂದಾಗ ಗಿಬ್ಸನ್ ಸಬ್‌ಟೈಟಲ್ ಮಾತ್ರ ತೆಗೆದರು, ದನಿಯನ್ನು ಬಿಟ್ಟರು. ಥಿಯೇಟರಿನಲ್ಲಿ ಕೂಗು ಕೇಳಿಸುತ್ತದೆ. ಅರ್ಥವಾಗುವುದು ಯೇಸುವಿನ ಕಾಲದ ಆಡುಮಾತಾದ, ಸಿನಿಮಾದ ಪಾತ್ರಗಳೂ ಆಡುವ ಅರಾಮಿಕ್ ಬಲ್ಲವರಿಗಷ್ಟೇ.